ಕಾಶಿಗೆ ಬಿಸಿನೆಸ್ ಕ್ಲಾಸ್

ನೆಂಟರಿಷ್ಟರಲ್ಲಿ ಯಾರು ಫ್ರಿಜ್ ಕೊಂಡರೂ ತಾನೇ ಅಂಗಡಿಗೆ ಹೋಗಿ, ತನ್ನ ಕ್ರೆಡಿಟ್ ಕಾರ್ಡು ಉಜ್ಜಿ, ಪಾಯಿಂಟ್ ಗಿಟ್ಟಿಸುವುದು ಅವಳ ಗಂಡನ ಚಟ. ಹಾಗೆ ಕೂಡಿಟ್ಟದ್ದನ್ನು ಒಂದು ದಿನವೂ ಮುಟ್ಟಿದವನಲ್ಲ.

ಎದೆಯುರಿಯೆಂದು ಒಬ್ಬನೇ ಆಸ್ಪತ್ರೆಗೆ ಹೋಗಿ ಬಂದ ಮೇಲೆ ಅವನ ಮಾತು ಕಮ್ಮಿಯಾಯಿತು. ಏನಂತೆ ಎಂದು ಕೇಳಿದರೆ, "ಗ್ಯಾಸಂತೆ" ಎಂದ. ಇವತ್ತು ಇದ್ದಕ್ಕಿದ್ದಂತೆ, ಆ ಪಾಯಿಂಟುಗಳಲ್ಲೇ ಕಾಶಿಗೆ ಬಿಸಿನೆಸ್ ಕ್ಲಾಸ್ ವಿಮಾನದ ಟಿಕೆಟ್ ಮಾಡಿಸಿ ತಂದು ಅವಳ ಮುಂದಿಟ್ಟ.

ಹೋಗುವುದಕ್ಕೆ ಎರಡಿದ್ದವು. ಬರುವುದಕ್ಕೆ ಒಂದೇ ಒಂದು. ಅವಳು ಮತ್ತೊಮ್ಮೆ ಎಣಿಸಿದಳು.

"ಪಾಯಿಂಟ್ ಸಾಲಲಿಲ್ವಾ?"

"ಇನ್ನೂ ಉಳಿದಿದೆ."

"ಮತ್ತೆ ವಾಪಸ್ ಬರೋಕೆ ಒಂದೇ ಯಾಕೆ?"

"ಕಾಶಿಗೆ ಹೋದವರು ತಮಗೆ ಇಷ್ಟವಾದದ್ದನ್ನ ಅಲ್ಲೇ ಬಿಟ್ಟು ಬರಬೇಕು ಅಂತಾರಲ್ಲ."

"ಜನ ಬದನೆಕಾಯಿ ಬಿಟ್ಟು ಬರ್ತಾರೆ ರೀ, ಹೆಂಡ್ತೀನಲ್ಲ. ನಾನೇನು ತಪ್ಪು ಮಾಡಿದೆ?"

ಅವನು ತನ್ನ ಕನ್ನಡಕ ತೆಗೆದು ಅವಳ ಕೈಗಿತ್ತ. "ಹೆಸರು ಓದು."

ವಾಪಸ್ ಬರುವ ಟಿಕೆಟ್ಟಿನಲ್ಲಿ ಇದ್ದದ್ದು ಅವಳ ಹೆಸರು.