ಆರನೇ ಕ್ಲಾಸಿನ ಪ್ರಶ್ನೆ

"ಯಾರಾದರೂ ಕೆಟ್ಟದಾಗಿ ಮುಟ್ಟಿದರೆ 'ವೇಂಡಾ' ಅಂತ, ಬೇಡ ಅಂತ ಕೂಗಿ. ಓಡಿಬಂದು ದೊಡ್ಡವರಿಗೆ ಹೇಳಿ," ಎಂದು ಅನಸೂಯಾ ಆರನೇ ಕ್ಲಾಸಿನ ಹುಡುಗಿಯರಿಗೆ ಹೇಳುತ್ತಿದ್ದಾಗಲೇ ಹೆಡ್‌ಮಿಸ್ಟ್ರೆಸ್ ಸಾರಮ್ಮ ಬಾಗಿಲಲ್ಲಿ ಬಂದು ನಿಂತರು.

"ಟೀಚರ್, ಆರೋಗ್ಯದ ಪಾಠದಲ್ಲಿ ಇಂಥ ಅಸಹ್ಯವೆಲ್ಲ ಎಲ್ಲಿದೆ? ನಿಲ್ಲಿಸಿ. ನಿಮ್ಮ ಕೆಲಸ ಇನ್ನೂ ಕಾಯಂ ಆಗಿಲ್ಲ, ನೆನಪಿರಲಿ."

ಅನಸೂಯಾ ಪಾಠ ನಿಲ್ಲಿಸಿದಳು. ಗಂಡನಿಗೆ ವಿಲ್ಲಿಂಗ್ಡನ್ ಐಲ್ಯಾಂಡಿನ ಕಸ್ಟಮ್ಸ್ ಆಫೀಸಿಗೆ ವರ್ಗವಾಗಿ ಮೈಸೂರು ಬಿಟ್ಟು ಬಂದವಳಿಗೆ ಮಲಯಾಳ ಮಾತಾಡುವ ಈ ಊರಿನಲ್ಲಿ ತನ್ನದೆಂದು ಇದ್ದದ್ದು ಈ ಕೆಲಸವೊಂದೇ. ಅಷ್ಟರಲ್ಲಿ, ಕ್ಲಾಸಿನಲ್ಲಿ ಎಂದೂ ಬಾಯಿ ಬಿಡದ ಲೀಲಾಮಣಿ ಹಿಂದಿನ ಬೆಂಚಿನಿಂದ ಎದ್ದಳು. ಲಂಗವನ್ನು ಮುಷ್ಟಿಯಲ್ಲಿ ಹಿಂಡುತ್ತ ಮಲಯಾಳದಲ್ಲಿ ಕೇಳಿದಳು: "ಮುಟ್ಟುವವರು ನಮ್ಮ ಸ್ಕೂಲಿನ ಮೇಷ್ಟ್ರೇ ಆದರೆ ಯಾರಿಗೆ ಹೇಳಬೇಕು ಟೀಚರ್?"

"ಕೂತ್ಕೋ!" ಎಂದರು ಸಾರಮ್ಮ. ಹುಡುಗಿ ಕೂರಲು ಬಾಗಿದಳು. ಈಗ ಕೂತರೆ ಇವಳು ಇನ್ನೆಂದೂ ಏಳುವುದಿಲ್ಲ ಎನಿಸಿ ಅನಸೂಯಾ ಬೆಂಚುಗಳ ನಡುವೆ ನುಗ್ಗಿ ಅವಳ ಬಳಿ ಹೋದಳು. ಹೆಗಲ ಮೇಲಿಡಲು ಎತ್ತಿದ ಕೈಯನ್ನು ಅರ್ಧದಲ್ಲೇ ತಡೆದು, ಅಂಗೈ ಬಿಚ್ಚಿ ಮುಂದೆ ಚಾಚಿದಳು. "ನನಗೆ ಹೇಳು ಮೋಳೇ, ಹೇಳು ಮಗಳೇ. ನಾನು ನಂಬ್ತೀನಿ."

ಲೀಲಾಮಣಿ ಆ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು, ಬಾಗಿಲಲ್ಲಿ ನಿಂತವರಿಗೂ ಕೇಳುವಷ್ಟು ಗಟ್ಟಿಯಾಗಿ ಒಂದು ಹೆಸರು ಹೇಳಿದಳು.