ಬಾಗಿಲಿಂದ ಬನ್ನಿ

‘ಸಪ್ತದ್ವೀಪ’ ಅನ್ನೋ ವಿಡಿಯೋ ಗೇಮ್ ಬರುತ್ತೆ ಅಂತ ಕಂಪನಿಯವರು ಎಂಟು ವರ್ಷ ಡಂಗುರ ಸಾರಿದರು. ನಾಲ್ಕು ಸಲ ಮುಖ್ಯಸ್ಥರು ಬದಲಾದ ಗಡಿಬಿಡಿಯಲ್ಲಿ ಆಟದೊಳಗಿನ ಮನೆಗಳ ಗೋಡೆಗಳನ್ನು ಗಟ್ಟಿ ಮಾಡೋದನ್ನೇ ಮರೆತರು. ಬಾಗಿಲು ಗಟ್ಟಿ, ಗೋಡೆ ಬರೀ ಬಣ್ಣ. ಆಡಲು ಬಂದವರು ನಕ್ಕು ವಾರದೊಳಗೆ ಜಾಗ ಖಾಲಿ ಮಾಡಿದರು. ಊರಲ್ಲಿ ಮನೆ ಸಿಗದ ನಾವು ಮುನ್ನೂರು ಸಂಸಾರ ಆ ಆಟದೊಳಗೇ ವಾಸಕ್ಕೆ ಬಂದೆವು. ನಮ್ಮದು ಒಂದೇ ಕಟ್ಟುಪಾಡು: ಯಾರೇ ಆಗಲಿ, ಬಾಗಿಲಿಂದಲೇ ಬರಬೇಕು.

ಇವತ್ತು ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಕಂಪನಿಯ ಅಧಿಕಾರಿ ಅಡುಗೆಮನೆಯ ಗೋಡೆ ತೂರಿಕೊಂಡು ಒಳಗೆ ಬಂದ.

“ಸರಸಿಜಮ್ಮ ನೀವೇನಾ? ಇದೇ ಕೊನೇ ನೋಟಿಸು, ನಿಮ್ಮ ಕೈಗೆ ಕೊಟ್ಟರೆ ಮುಗೀತು, ನಾಳೆ ಆಟ ಮುಚ್ತೀವಿ.”

“ಮೊದಲು ಆಚೆ ಹೋಗಿ. ಬಾಗಿಲಿಂದ ಬನ್ನಿ.”

“ಇಲ್ಲಿ ಗೋಡೆನೇ ಇಲ್ವಲ್ಲಮ್ಮ!”

“ನಿಮಗೆ ಕಟ್ಟೋಕೆ ಬರಲಿಲ್ಲ. ನಾವು ಕಟ್ಟಿಕೊಂಡಿದೀವಿ.”

ಆತ ಮುಖ ಕೆಂಪಗೆ ಮಾಡಿಕೊಂಡು ಗೋಡೆಯತ್ತ ತಿರುಗಿದ.

“ಆ ಕಡೆಯಿಂದ ಅಲ್ಲ,” ಎಂದು ಸೌಟು ತೋರಿಸಿದೆ.

ಹಜಾರ ದಾಟಿ, ಹೊಸ್ತಿಲ ರಂಗೋಲಿ ತುಳಿಯದೆ ಹೊರಗೆ ಹೋದ. ನಾನು ಚಿಲಕ ಹಾಕಿದೆ.

ಊಟ ಮುಗಿಸಿ ಪಾತ್ರೆಯನ್ನೂ ತೊಳೆದಿಟ್ಟೆ. ಆತ ಇನ್ನೂ ಬಾಗಿಲು ಬಡಿಯುತ್ತಲೇ ಇದ್ದಾನೆ.