ಅರ್ಧ ನಿಮಿಷ

ಜೈಲಿನ ವಿಡಿಯೋ ಕೋಣೆಯಲ್ಲಿ ಕೈದಿ ಕೂತಿದ್ದ; ಎದುರಿನ ಪರದೆ ಕಪ್ಪಾಗಿತ್ತು. ಅತ್ತ ಕೋರ್ಟಿನಲ್ಲಿ ಅವನ ಜಾಮೀನು ಅರ್ಜಿಯ ಸರದಿ ಬಂದಿತ್ತು. ಆರೋಪಿಯ ಮುಖ ಕಾಣದಿದ್ದರೆ ವಿಚಾರಣೆ ಮತ್ತೆ ಮುಂದಿನ ತಿಂಗಳಿಗೆ. ಆಸ್ಪತ್ರೆಯಲ್ಲಿದ್ದ ಅವನ ಹೆಂಡತಿಗೆ ಅಷ್ಟು ದಿನ ಉಳಿದಿರಲಿಲ್ಲ.

ವಾರ್ಡರ್ ಗೋಡೆಯ ಮೇಲಿನ ನೆಟ್‌ವರ್ಕ್ ಸ್ವಿಚ್ಚಿನ ಪೆಟ್ಟಿಗೆಯಿಂದ ಕೇಬಲ್ ಕಿತ್ತು ಮತ್ತೆ ಚುಚ್ಚಿದ. ಕಿತ್ತಳೆ ದೀಪ ಹತ್ತಿತು. ಹತ್ತೆಣಿಸುವಷ್ಟು ಹೊತ್ತೂ ಕಾಯದೆ, ಬಯ್ದುಕೊಂಡು ಮತ್ತೆ ಕಿತ್ತ.

“ಕೀಳ್ಬೇಡಿ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ!”

“ಸುಮ್ನೆ ಕೂತ್ಕೊಳೋ. ವೈರೇ ಸತ್ತಿದೆ.”

“ಸತ್ತಿಲ್ಲ ಸಾರ್, ಕಾಯ್ತಿದೆ. ಕೇಬಲ್ ಹಾಕಿದ ತಕ್ಷಣ ಸ್ವಿಚ್ಚು ಯಾರನ್ನೂ ಒಳಗೆ ಬಿಡಲ್ಲ. ಈ ದಾರಿ ಸುತ್ತು ಹಾಕ್ಕೊಂಡು ತನ್ನ ಹತ್ರಕ್ಕೇ ಬರುತ್ತಾ ಅಂತ ಹದಿನೈದು ಸೆಕೆಂಡು ಕಿವಿಗೊಟ್ಟು ಕೇಳುತ್ತೆ. ಆ ಕಡೆ ಯಾರಿದ್ದಾರೆ ಅಂತ ತಿಳ್ಕೊಳೋಕೆ ಇನ್ನೂ ಹದಿನೈದು. ಆಮೇಲೇ ಬಿಡೋದು. ನೀವು ಕಿತ್ತಾಗೆಲ್ಲ ಲೆಕ್ಕ ಮೊದಲಿಂದ ಶುರು.”

ವಾರ್ಡರ್ ಕೇಬಲ್ ಚುಚ್ಚಿ, ಕೈಕಟ್ಟಿ ನಿಂತ. “ಇಷ್ಟೆಲ್ಲ ನಿಂಗೆ ಹೆಂಗೋ ಗೊತ್ತು?”

ಕೈದಿ ಬೆರಳು ಮಡಿಸಿ ಸೆಕೆಂಡು ಎಣಿಸುತ್ತ ದೀಪವನ್ನೇ ನೋಡುತ್ತಿದ್ದ. ಕೊನೆಗೂ ಅದು ಹಸಿರಾಯಿತು. ಪರದೆಯಲ್ಲಿ ನ್ಯಾಯಾಧೀಶರು ಕಾಣಿಸಿಕೊಂಡರು. ಅವರೆದುರು ಅವನ ವಕೀಲರು ಎದ್ದು ನಿಂತು, ಕೋಟು ಸರಿಮಾಡಿಕೊಂಡು, ಜೈಲಿನ ಕೋಣೆಗೆಲ್ಲ ಕೇಳುವಂತೆ ವಾದ ಶುರುಮಾಡಿದರು:

“ಬ್ಯಾಂಕಿನ ನೆಟ್‌ವರ್ಕಿಗೆ ಕನ್ನ ಹಾಕಿದ ಅನ್ನೋ ಆರೋಪವೇ ಹಾಸ್ಯಾಸ್ಪದ ಸ್ವಾಮಿ. ನನ್ನ ಕಕ್ಷಿದಾರನಿಗೆ ಕಂಪ್ಯೂಟರಿನ ವೈರು ಎಲ್ಲಿ ಚುಚ್ಚಬೇಕು ಅನ್ನೋದೂ ಗೊತ್ತಿಲ್ಲ.”